ಮೆಟ್ಟಿಲ ಕೆಳಗಿನ ಕೋಣೆ

ಆ ಹಳೇ ಮನೆಯ ಬಾಗಿಲಲ್ಲಿ ಈಗ ಒಂದು ಫಲಕ ತೂಗುಹಾಕಿದ್ದಾರೆ. ಕಟ್ಟಿಸಿದವರು ವಕೀಲರು, ಆಮೇಲೆ ಬಾಳಿದವರು ಡಾಕ್ಟರು, ಅವರ ನಂತರ ಮರದ ವ್ಯಾಪಾರಿ ಎಂದು ದಪ್ಪಕ್ಷರದಲ್ಲಿ ಬರೆದಿದೆ. ಈ ಮೂವರಿಗೂ ಬೇಯಿಸಿ ಹಾಕಿದ ನನ್ನ ದೊಡ್ಡಮ್ಮ ಮಾತ್ರ ಅದರಲ್ಲಿಲ್ಲ. ಓದಿದಾಗೆಲ್ಲ ನನಗೆ ಮೈ ಉರಿಯುತ್ತದೆ.

ದೊಡ್ಡಮ್ಮ ಅಲ್ಲಿ ಅಡುಗೆಗೆ ಸೇರಿದಾಗ ಇನ್ನೂ ಹುಡುಗಿ. ವಕೀಲರ ಹೆಂಡತಿ ಮೆಟ್ಟಿಲ ಕೆಳಗಿನ ಗೂಡು ತೋರಿಸಿ, "ಸದ್ಯಕ್ಕೆ ಇಲ್ಲೇ ಮಲ್ಕೋ, ಆಮೇಲೆ ಹಿಂದಿನ ಗೋಡೆಗೆ ಕಿಟಕಿ ಇಡಿಸ್ಕೊಡ್ತೀವಿ" ಅಂದರಂತೆ. ಮಂಚ ಹಾಕಿದರೆ ನಿಲ್ಲಲು ಜಾಗವಿಲ್ಲ, ಗಾಳಿಯ ಸುಳಿವಿಲ್ಲ, ಯಾರಾದರೂ ಮೆಟ್ಟಿಲು ಹತ್ತಿದರೆ ಮುಖದ ಮೇಲೆ ಧೂಳು. ಮನೆ ಮಾರುವಾಗ ವಕೀಲರು ಬೀರು, ಗಡಿಯಾರ, ದೊಡ್ಡಮ್ಮ, ಮೂರನ್ನೂ ಡಾಕ್ಟರಿಗೆ ಬಿಟ್ಟುಕೊಟ್ಟರು. "ಅಡುಗೆಯವಳು ಮನೆ ಜೊತೆಗೇ ಬರ್ತಾಳೆ" ಅನ್ನುವುದು ಅಲ್ಲಿಂದ ಪದ್ಧತಿಯೇ ಆಗಿಹೋಯಿತು. ಅವಳನ್ನು ಕೇಳಿದವರು ಯಾರು?

ಗಾಳಿಯೇ ಔಷಧ, ಕಿಟಕಿ ತೆಗೆದಿಡಿ ಎಂದು ಡಾಕ್ಟರು ಬಂದ ರೋಗಿಗಳಿಗೆಲ್ಲ ಬೋಧಿಸುತ್ತಿದ್ದರು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ದೊಡ್ಡಮ್ಮ ಕೆಮ್ಮುತ್ತಾ ಹೋಗಿ ಕೇಳಿದರೆ ಕೆಮ್ಮಿನ ಔಷಧಿ ಕೊಟ್ಟರು, ಕಿಟಕಿ ಕೊಡಲಿಲ್ಲ. ಮರದ ವ್ಯಾಪಾರಿಯಂತೂ ಮೂಗಿಗೆ ತುಪ್ಪ ಸವರುವುದರಲ್ಲಿ ನಿಸ್ಸೀಮ. "ಮರ ನಮ್ದೇ ಅಲ್ವೇನಮ್ಮ, ಕಿಟಕಿ ಮಾಡಿಸೋದೇನು ದೊಡ್ಡದು?" ಅನ್ನುತ್ತಲೇ ಕಣ್ಣು ಮುಚ್ಚಿದ.

"ಬಿಟ್ಟು ಬಾ ದೊಡ್ಡಮ್ಮ" ಎಂದು ನಾನು ಎಷ್ಟೋ ಸಲ ಜಗಳವಾಡಿದ್ದೇನೆ.

"ಎಲ್ಲಿಗೆ ಬರ್ಲಿ? ನಿಮ್ಮನೇಲಿ ನಿಮಗೇ ಮಗ್ಗುಲು ಬದಲಿಸೋಕೆ ಜಾಗ ಇಲ್ಲ. ಇಲ್ಲಿ ನನ್ನದು ಅಂತ ಒಂದು ಮಂಚ ಇದೆ" ಅನ್ನುತ್ತಿದ್ದಳು. ಆ ಮಂಚ ಅವಳೇ ದುಡಿದು ಮಾಡಿಸಿಕೊಂಡದ್ದು.

ವ್ಯಾಪಾರಿಯ ಮಕ್ಕಳಿಂದ ಮನೆ ಕೊಂಡವನು ಅದನ್ನು ಟಿಕೆಟ್ ಇಟ್ಟು ಜನರಿಗೆ ತೋರಿಸಲು ಹೊರಟ. ತಿಂದುಂಡು ಬಾಳುವವರೇ ಇಲ್ಲದ ಮನೆಗೆ ಅಡುಗೆಯವಳೇಕೆ? "ಮಂಚ, ಹಾಸಿಗೆ ಇಲ್ಲೇ ಇರ್ಲಿ ಅಜ್ಜಿ, ಹಳೇ ಕಾಲದ್ದು, ಜನ ನೋಡ್ತಾರೆ" ಎಂದು ಅವಳೊಬ್ಬಳನ್ನು ಹೊರಗೆ ಕಳಿಸಿದ. ದೊಡ್ಡಮ್ಮ ನಮ್ಮ ನಡುಮನೆಯ ನೆಲಕ್ಕೆ ಬಂದಳು. ಮೊಣಕಾಲು ನೋವಿಗೆ ನೆಲದಿಂದ ಏಳಲಾಗದೆ ಒದ್ದಾಡಿ, ಒಂದು ಬೆಳಿಗ್ಗೆ, "ನಡಿ, ನನ್ನ ಮಂಚ ಕೇಳ್ಕೊಂಡು ಬರೋಣ" ಅಂದಳು.

ಬಾಗಿಲಲ್ಲಿ ಅವಳಿಗೂ ಟಿಕೆಟ್ ಹರಿದರು, ನಾಚಿಕೆಗೆಟ್ಟವರು.

ಮೆಟ್ಟಿಲ ಕೆಳಗೆ ಅಡ್ಡಲಾಗಿ ಹಗ್ಗ ಕಟ್ಟಿ, "ಅಡುಗೆಯವಳ ಕೋಣೆ" ಎಂದು ಚೀಟಿ ಅಂಟಿಸಿದ್ದರು. ಹಗ್ಗದಾಚೆ ಅವಳ ಮಂಚ, ಮಡಿಸಿಟ್ಟ ಅವಳದೇ ಹೊದಿಕೆ. ಹಿಂದಿನ ಗೋಡೆಯಲ್ಲಿ ಒಂದು ಹೊಸ ಕಿಟಕಿ.

ದೊಡ್ಡಮ್ಮನಿಗೆ ಮಂಚ ಮರೆತೇಹೋಯಿತು. "ಇದನ್ಯಾವಾಗ ಇಡಿಸಿದ್ರಿ?" ಎಂದು ಅಲ್ಲಿದ್ದ ಕಾವಲಿನವನನ್ನು ಕೇಳಿದಳು.

"ಮೊನ್ನೆ ಮೊನ್ನೆ. ಕತ್ತಲು ಅಜ್ಜಿ, ನೋಡೋಕೆ ಬಂದೋರಿಗೆ ಏನೂ ಕಾಣ್ತಿರಲಿಲ್ಲ."

ನನಗೆ ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಡಬೇಕು ಅನಿಸಿತು. ಅಷ್ಟರಲ್ಲಿ ದೊಡ್ಡಮ್ಮ ಹಗ್ಗ ಎತ್ತಿ, ಬಗ್ಗಿ ಒಳಗೆ ಹೋಗಿ, ಕಿಟಕಿಯ ಕಡೆ ಮುಖ ಮಾಡಿ ಮಂಚದ ಮೇಲೆ ಮಲಗಿದಳು.

"ಒಳಗೆಲ್ಲ ಹೋಗ್ಬಾರ್ದು, ಎದ್ದೇಳಿ" ಎಂದು ಅವನು ಗದರಿದ.

"ಕೂಗಬೇಡಪ್ಪ" ಅಂದಳು ತಿರುಗದೆ. "ಸ್ವಲ್ಪ ಗಾಳಿ ತಗೊಂಡು ಏಳ್ತೀನಿ."

ನಾನು ಹಗ್ಗಕ್ಕೆ ಅಡ್ಡ ನಿಂತೆ. ಅವಳು ತಾನಾಗಿ ಏಳುವವರೆಗೆ ಅವನನ್ನಾಗಲಿ, ಟಿಕೆಟ್ ಕೊಂಡವರನ್ನಾಗಲಿ ಹತ್ತಿರ ಬಿಡಲಿಲ್ಲ.