ಮುತಶ್ಶರನಿಗೆ ಮುಖ ಕೊಡುವವರು ಯಾರು?

ಇರಾಕಿನ ನಾಸಿರಿಯಾದ ಗುತ್ತಿಗೆ ಲೈನ್‌ಮನ್‌ಗಳಿಗೆ ಒಂದಿಡೀ ಬೇಸಿಗೆಯ ಸಂಬಳ ಇನ್ನೂ ಬಂದಿಲ್ಲ. ಅದನ್ನು ಕೇಳಲು ಚೌಕದಲ್ಲಿ ನಮ್ಮ ಜೊತೆ ಡೇರೆ ಹಾಕಿದವರಲ್ಲಿ ಮುತಶ್ಶರ್ ಒಬ್ಬ. ಸಂಬಳದ ಬದಲು ಅವನಿಗೆ ಸಿಕ್ಕಿದ್ದು ಕೊಲೆ ಕೇಸು.

ಅವನನ್ನು ಈಗಲೇ ಹುತಾತ್ಮ ಮಾಡಬೇಡಿ, ಜೀವಂತ ಇದ್ದಾನೆ. ಸಾಧುವೂ ಅಲ್ಲ, ಜಗಳಗಂಟ. ಜೌಗಿನಲ್ಲಿ ಎಮ್ಮೆ ಸಾಕಿಕೊಂಡಿದ್ದ ಮನೆಯವನು. ನೀರು ಬತ್ತಿತು, ಅಪ್ಪ ಎಮ್ಮೆ ಮಾರಿ ಪೇಟೆಗೆ ಬಂದ, ಮಗ ಕರೆಂಟು ಕಂಬ ಹತ್ತಿದ. ಕಂಬದ ಮೇಲಿದ್ದಷ್ಟು ಹೊತ್ತು ಮಾತ್ರ ಅವನು ಸುಮ್ಮನಿರುತ್ತಿದ್ದ. ನೆಲಕ್ಕಿಳಿದರೆ ಕಾಲು ಕುಣಿಸುವುದು, ಪಕ್ಕದವನ ಸಿಗರೇಟು ಕಿತ್ತು ಸೇದುವುದು, ಚಹಾಕ್ಕೆ ಅರ್ಧ ಲೋಟ ಸಕ್ಕರೆ ಸುರಿದು ಇನ್ನೂ ಬೇಕೆನ್ನುವುದು. ಭಾಷಣ ಬಾರದು. ನಮ್ಮ ಡೇರೆಗಳಿಗೆಲ್ಲ ಕರೆಂಟು ಕದ್ದು ಕೊಟ್ಟವನು ಅವನೇ.

ಒಂದು ಸಂಜೆ ಪಕ್ಷವೊಂದರ ಕಚೇರಿಗೆ ಬೆಂಕಿ ಬಿತ್ತು. ಮುತಶ್ಶರ್ ಎದುರಿನ ಕಂಬ ಹತ್ತಿ ಲೈನು ಕತ್ತರಿಸಿದ. ತಂತಿ ಕರಗಿ ಕೆಳಗಿನ ಜನರ ಮೇಲೆ ಬಿದ್ದೀತು ಎಂಬುದು ಅವನ ಭಯ. ಬೀದಿ ಕತ್ತಲಾಯಿತು. ಒಳಗೆ ಒಬ್ಬ ಕಾವಲುಗಾರ ಗುಂಡೇಟು ತಿಂದು ಸತ್ತಿದ್ದ. ಕೊಲೆಗಾರರಿಗೆ ಅನುಕೂಲವಾಗಲಿ ಎಂದೇ ಇವನು ಕತ್ತಲು ಮಾಡಿದ ಎಂಬುದು ಆರೋಪ. ಲೈನು ಕತ್ತರಿಸಿದ್ದನ್ನು ಇಡೀ ಬೀದಿ ನೋಡಿದೆ, ಅವನೂ ಅಲ್ಲಗಳೆಯುವುದಿಲ್ಲ. ಗುಂಡು ಹೊಡೆದವನು ಅವನಲ್ಲ. ಸತ್ತವನಿಗೂ ತಾಯಿ ಇದ್ದಾಳೆ, ಅವಳಿಗೆ ಉತ್ತರ ಸಿಗಬೇಕು. ಇದನ್ನು ಹೇಳಿದ್ದಕ್ಕೆ ನಮ್ಮವರೇ ನನ್ನನ್ನು ಬೈದಿದ್ದಾರೆ, ಬೈಯಲಿ.

ಅದೇ ಕೇಸಿನಲ್ಲಿ ಸಿಕ್ಕ ಚಾಸಿಬ್ ಕೋರ್ಟಿನವರೆಗೆ ತಲುಪಲೇ ಇಲ್ಲ. ಠಾಣೆಯಲ್ಲೇ ಹೃದಯ ನಿಂತಿತು ಎಂದರು. ಹೆಣ ತೊಳೆದವರನ್ನು ಕೇಳಿದರೆ ಮಾತು ಬದಲಿಸುತ್ತಾರೆ.

ಮುತಶ್ಶರ್ ಲಾರಿ ಹತ್ತಿ ಜೋರ್ಡಾನಿಗೆ ದಾಟಿದ. ಗಡಿ ಸೀಮೆಯ ರುವೈಶಿದ್ ಊರಿನಾಚೆಯ ಕಲ್ಲುಗಾಡಿನಲ್ಲಿ ಕುರಿ ಸಾಕುವ ಹಿರಿಯ ಅಬೂ ತರಾದ್. ಮುತಶ್ಶರ್ ಅವನ ಡೇರೆಯ ಕಂಬ ತಬ್ಬಿ, "ನಿಮ್ಮ ಮರೆ ಹೊಕ್ಕಿದೀನಿ" ಎಂದ. ಹಾಗೆಂದವನನ್ನು ಆಚೆ ತಳ್ಳುವ ಮನೆ ಆ ಸೀಮೆಯಲ್ಲಿಲ್ಲ. ಏನು ಮಾಡಿ ಬಂದೆ ಎಂದು ಮುದುಕ ಕೇಳಲಿಲ್ಲ, ಕುರಿ ಕೊಯ್ದ.

ಅಷ್ಟರಲ್ಲಿ ಬಾಗ್ದಾದಿನಿಂದ ಜೋರ್ಡಾನಿನ ರಾಜಧಾನಿ ಅಮ್ಮಾನಿಗೆ ಪತ್ರ ಹೋಯಿತು: ಆರೋಪಿಯನ್ನು ಹಿಡಿದು ನಮಗೆ ಒಪ್ಪಿಸಿ. ನಾನು ಅಮ್ಮಾನಿನ ವಕೀಲೆಯೊಬ್ಬಳಿಂದ ಆಶ್ರಯದ ಅರ್ಜಿ ಬರೆಸಿಕೊಂಡು ರುವೈಶಿದ್‌ಗೆ ಹೋದೆ. ಮುತಶ್ಶರ್ ಡೇರೆಯ ಹೊರಗೆ ಅತ್ತಿಂದಿತ್ತ ಓಡಾಡುತ್ತಿದ್ದ. ಹೆದ್ದಾರಿಯಲ್ಲಿ ಗಾಡಿ ಸದ್ದಾದಾಗೆಲ್ಲ ಕತ್ತು ಅತ್ತ ತಿರುಗುತ್ತಿತ್ತು.

"ಸಹಿ ಹಾಕು," ಎಂದೆ. " ಆಶ್ರಯ ಕೇಳಿದವನನ್ನ ಅರ್ಜಿ ತೀರ್ಮಾನ ಆಗೋ ಮುಂಚೆ ಒಪ್ಪಿಸೋದು ಅವರಿಗೆ ಸುಲಭ ಅಲ್ವಂತೆ."

"ಆಶ್ರಯ? ಖಜಾನೆ ನುಂಗಿದ ದೊಡ್ಡವರು ಹೊರದೇಶದಲ್ಲಿ ಕೂತು ಕೇಳ್ತಾರಲ್ಲ, ಅದಾ ಅಣ್ಣಾ?"

"ಅದೇ ಬಾಗಿಲು. ಕಳ್ಳ ನುಗ್ಗಿದ ಅಂತ ನೀನು ಹೊರಗೆ ನಿಂತು ಸಾಯ್ತೀಯಾ?"

"ನಾನೇನು ತಲೆ ತಪ್ಪಿಸ್ಕೊಂಡು ಬಂದವನಲ್ಲ."

"ಮತ್ತೆ ಇಲ್ಲಿಗೆ ಕುರಿ ಎಣಿಸೋಕೆ ಬಂದ್ಯಾ?"

ನಕ್ಕ. ನಕ್ಕವನು ಕಲ್ಲೊಂದನ್ನು ಒದ್ದ.

"ಸಹಿ ಹಾಕಿದ್ರೆ ಆ ಸತ್ತವನ ತಾಯಿ ಏನಂತಾಳೆ ಗೊತ್ತಾ? ಕೊಂದವನು ಇವನೇ, ಅದಕ್ಕೇ ಅವಿತ್ಕೊಂಡ ಅಂತಾಳೆ. ನಾನು ಕೋರ್ಟಲ್ಲಿ ನಿಂತು ಹೇಳ್ಬೇಕು. ಹತ್ತಿದ್ದು ನಾನೇ, ಯಾಕೆ ಹತ್ತಿದೆ ಅಂತ ನನ್ನ ಬಾಯಲ್ಲೇ ಹೇಳ್ಬೇಕು."

"ಚಾಸಿಬ್‌ಗೂ ಹೇಳೋದಿತ್ತು."

ಅವನು ನನ್ನ ಜೇಬಿನಿಂದ ಸಿಗರೇಟು ಎತ್ತಿಕೊಂಡು ಆಚೆ ನಡೆದ.

ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ ಪೊಲೀಸ್ ಜೀಪು ಬಂತು. ಲಾಫಿ ಎಂಬ ಅಧಿಕಾರಿ, ಅದೇ ಸೀಮೆಯವನು, ಅವನ ಅಪ್ಪನೂ ಅಬೂ ತರಾದನೂ ಹಳೇ ಗೆಳೆಯರು. ಸೊಂಟದ ಪಿಸ್ತೂಲನ್ನು ಜೀಪಿನಲ್ಲೇ ಬಿಟ್ಟು, ಪೇದೆಗಳನ್ನೂ ಅಲ್ಲೇ ನಿಲ್ಲಿಸಿ, ಒಬ್ಬನೇ ಒಳಗೆ ಬಂದು ಕೂತ. ಅಬೂ ತರಾದ್ ಏಲಕ್ಕಿ ಹಾಕಿದ ಕಾಫಿ ಬಗ್ಗಿಸಿ ಕೊಟ್ಟ. ಲಾಫಿ ಬಟ್ಟಲನ್ನು ತುಟಿಗೆ ತಾಗಿಸದೆ ನೆಲದ ಮೇಲಿಟ್ಟು ಕೈ ಕಟ್ಟಿಕೊಂಡ.

ಬಟ್ಟಲು ಹಾಗೆ ಕೆಳಗಿಟ್ಟವನು ಏನೋ ಕೇಳಲು ಬಂದಿದ್ದಾನೆ ಎಂದರ್ಥ. ಕೊಡುತ್ತೇನೆ ಎಂದು ಯಜಮಾನ ಹೇಳುವವರೆಗೂ ಅವನು ಕಾಫಿ ಮುಟ್ಟುವುದಿಲ್ಲ. ಹೆಣ್ಣು ಕೇಳುವುದೂ ಹೀಗೆಯೇ. ಲಾಫಿಯ ತಮ್ಮನಿಗೆ ಅಬೂ ತರಾದನ ಮೊಮ್ಮಗಳನ್ನು ತರುವ ಮಾತು ಎರಡೂ ಮನೆಗಳಲ್ಲಿ ಓಡಾಡುತ್ತಿತ್ತು. ಮುದುಕನ ಮುಖ ಅರಳಿಬಿಟ್ಟಿತು.

"ಕುಡಿ ಮಗಾ, ಕುಡಿ! ನೀನು ಕೇಳೋಕೆ ಬಂದಿದ್ದು ಕೊಟ್ಟಾಯ್ತು."

ಲಾಫಿ ಒಂದೇ ಗುಟುಕಿಗೆ ಮುಗಿಸಿದ. ನೆಲ ನೋಡುತ್ತಾ ಹೇಳಿದ: "ಚಿಕ್ಕಪ್ಪಾ, ನಾನು ಕೇಳೋಕೆ ಬಂದಿದ್ದು ನಿಮ್ಮ ಅತಿಥೀನ."

ಮುದುಕನ ಕೈಯಲ್ಲಿದ್ದ ಕಾಫಿ ಜಗ್ಗು ಹಾಗೇ ನಿಂತಿತು.

"ನಾನು... ಹುಡುಗಿ ಕೇಳೋಕೆ ಬಂದೆ ಅಂದ್ಕೊಂಡ್ನಲ್ಲೋ, ಹಾಳಾದವನೇ!"

"ನನ್ನನ್ನ ಕಟ್ಕೊಂಡು ಅವನೇನು ಮಾಡ್ತಾನೆ, ಅಡುಗೇನೂ ಬರಲ್ಲ," ಎಂದ ಮುತಶ್ಶರ್. ಯಾರೂ ನಗಲಿಲ್ಲ.

ಅಬೂ ತರಾದ್ ಎದ್ದ, ಮತ್ತೆ ಕೂತ, ಮತ್ತೆ ಎದ್ದ. ಮರೆ ಹೊಕ್ಕವನಿಗೆ ಒಂದು ಮಾತು ಕೊಟ್ಟಿದ್ದಾನೆ, ಕಾಫಿ ಕುಡಿದವನಿಗೆ ಇನ್ನೊಂದು. ಕಡೆಗೆ ಲಾಫಿಯ ಎದುರು ಕುಕ್ಕರಗಾಲಲ್ಲಿ ಕೂತ.

"ಆಡಿದ್ದನ್ನ ವಾಪಸ್ ನುಂಗಲ್ಲ. ಕರ್ಕೊಂಡು ಹೋಗು. ಆದ್ರೆ ಮರೆ ಹೊಕ್ಕವನನ್ನ ನಾನು ಸುಮ್ಮನೆ ಕಳಿಸಲ್ಲ. ಇವನ ಜೀವಕ್ಕೆ ಮುಖ ಕೊಡು."

ಮುಖ ಕೊಡುವುದೆಂದರೆ ಅಲ್ಲಿ ಜಾಮೀನು. ಮರೆ ಹೊಕ್ಕವನಿಗೆ ಏನಾದರೂ ಆದರೆ ಮುಖ ಕೊಟ್ಟವನು ಮದುವೆಗೂ ಸಾವಿಗೂ ಯಾರ ಡೇರೆಗೂ ಕಾಲಿಡುವ ಹಾಗಿಲ್ಲ.

"ಅಮ್ಮಾನ್‌ವರೆಗೆ ನನ್ನ ಮುಖ," ಎಂದ ಲಾಫಿ. "ಅಲ್ಲಿ ಜಡ್ಜ್ ಮುಂದೆ ನಾನೇ ನಿಲ್ಲಿಸ್ತೀನಿ. ಒಬ್ಬರೂ ಕೈ ಮಾಡಲ್ಲ."

"ಜಡ್ಜು ಒಪ್ಪಿಸಿ ಅಂದ್ರೆ? ಗಡಿಯಿಂದ ಆಚೆಗೆ?"

ಲಾಫಿ ಖಾಲಿ ಬಟ್ಟಲನ್ನು ತಿರುಗಿಸುತ್ತಾ ಕೂತ. "ಆಚೆಗೆ ಮುಖ ಕೊಡಲ್ಲ, ಚಿಕ್ಕಪ್ಪಾ. ನಿಮ್ಮ ಕಾಫಿ ಕುಡಿದು ಸುಳ್ಳು ಹೇಳಲಾ?"

ಮುತಶ್ಶರ್ ಅವನನ್ನೇ ದಿಟ್ಟಿಸಿದ. ನಾನು ಇಡೀ ದಿನ ಗಂಟಲು ಹರಿದುಕೊಂಡರೂ ಆಗದ್ದು ಆ ಒಂದು ಮಾತಿಗೆ ಆಯಿತು.

"ಹಿಡಿದು ಕೊಡೋಕೆ ಬಂದವನೇ ಜವಾಬ್ದಾರಿ ಹೊರಲ್ಲ ಅಂತಾನೆ. ಅಣ್ಣಾ, ಪೆನ್ನು ಕೊಡು."

ಕೊಟ್ಟೆ.

"ಅದರಲ್ಲಿ ಇದನ್ನೂ ಸೇರಿಸು. ನನ್ನನ್ನ ಜೀವಂತ ಇಟ್ಟು ವಿಚಾರಣೆ ಮಾಡೋ ಕೋರ್ಟು ಯಾವ ದೇಶದಲ್ಲಿದ್ರೂ ಬಂದು ನಿಲ್ತೀನಿ. ಆ ತಾಯಿ ಎದುರಿಗೇ ಹೇಳ್ತೀನಿ."

ಸೇರಿಸಿದೆ. ಸಹಿ ಹಾಕಿ, ಚಪ್ಪಲಿ ಮೆಟ್ಟಿ, ಲಾಫಿಯ ಪಕ್ಕ ಜೀಪು ಹತ್ತಿದ. ಅಬೂ ತರಾದ್ ಧೂಳು ಇಳಿಯುವವರೆಗೂ ಹೊರಗೇ ನಿಂತಿದ್ದ. ಆಮೇಲೆ ನನ್ನ ಕಡೆ ತಿರುಗಿ, "ನೀನು ಇನ್ನೂ ಇಲ್ಲೇನು ಮಾಡ್ತಿದೀಯಾ? ಅವನ ಹಿಂದೆ ಹೋಗು," ಎಂದು ಗದರಿದ.

ಲಾಫಿ ಕೊಟ್ಟ ಮಾತು ಉಳಿಸಿಕೊಂಡ. ಮುತಶ್ಶರ್ ಈಗ ಅಮ್ಮಾನಿನ ಜೈಲಿನಲ್ಲಿದ್ದಾನೆ. ಒಪ್ಪಿಸಿ ಎಂಬ ಪತ್ರವೂ, ಒಪ್ಪಿಸಬೇಡಿ ಎಂಬ ಅರ್ಜಿಯೂ ಇತ್ಯರ್ಥವಾಗಿಲ್ಲ. ಕೊಲೆ ಆರೋಪ ಹೊತ್ತವನಿಗೆ ಆಶ್ರಯ ಸಿಕ್ಕೇ ಸಿಗುತ್ತದೆ ಎಂದು ವಕೀಲೆಯೂ ಹೇಳುವುದಿಲ್ಲ. ನಾನು ನೋಡಲು ಹೋದರೆ ಮುತಶ್ಶರ್ ಸರಳುಗಳ ಆಚೆ ನಿಂತಲ್ಲಿ ನಿಲ್ಲುವುದಿಲ್ಲ. ಮೊದಲು ಕೇಳುವುದು ಸತ್ತವನ ತಾಯಿಗೆ ತನ್ನ ಮಾತು ಮುಟ್ಟಿತೇ ಎಂದು, ಆಮೇಲೆ ಸಿಗರೇಟು.

ನಾಸಿರಿಯಾದಲ್ಲಿ, ಒಂದು ಕಾಲಕ್ಕೆ ಅವನು ಕೊಟ್ಟ ಬೆಳಕಿನಲ್ಲಿ ಊಟ ಮಾಡಿದವರೇ ಚಹಾದಂಗಡಿಯಲ್ಲಿ ಕೂತು ಹೇಳುತ್ತಿದ್ದಾರಂತೆ: "ತಪ್ಪು ಮಾಡಿಲ್ಲ ಅಂದ್ರೆ ವಾಪಸ್ ಬರೋಕೆ ಏನು ಧಾಡಿ? ಒಪ್ಪಿಸ್ಲಿ, ಕೋರ್ಟು ನೋಡ್ಕೊಳ್ಳುತ್ತೆ." ಓದುತ್ತಿರುವ ನೀವೂ ಹಾಗೇ ಅಂದುಕೊಂಡಿರಬಹುದು. ಸರಿ. ಹಾಗಾದರೆ ಮುಖ ಕೊಡಿ. ಗಡಿಯಿಂದ ಕಟಕಟೆಯವರೆಗೆ ಇವನ ಜೀವಕ್ಕೆ ನಾನು ಹೊಣೆ ಎಂದು ನಿಮ್ಮ ಹೆಸರು, ಅಪ್ಪನ ಹೆಸರು, ಊರು ಹೇಳಿ ನಾಲ್ಕು ಜನರ ಮುಂದೆ ನಿಲ್ಲಿ. ಅದಾಗದಿದ್ದರೆ, ಅವನು ಆಶ್ರಯ ಕೇಳಿದ್ದು ಸರಿ ಎಂದು ಅದೇ ಅಂಗಡಿಯಲ್ಲಿ, ಅಷ್ಟೇ ಗಟ್ಟಿಯಾಗಿ ಹೇಳಿ.