ಹುಡುಗಿಯರಿಗೆ ಎಂದು ಬರೆಯಲು ಏನು ಕಷ್ಟ?

ಕಳೆದ ವಾರ ನನ್ನ ಅಕ್ಕ ಮೈಸೂರಿನ ಒಂದು ವಿಶ್ವವಿದ್ಯಾಲಯದ ಕಚೇರಿಯಲ್ಲಿ, ಟೈ ಕಟ್ಟಿಕೊಂಡಿದ್ದ ಅಧಿಕಾರಿಯೊಬ್ಬರ ಮುಂದೆ ನಿಂತು, "ನಮ್ಮನೇಲಿ ತಿಂದ ಎಲಡ್ಕೆ ಉಗೀರಿ ಮೊದ್ಲು" ಅಂದುಬಿಟ್ಟಳು.

ನಾನು ಪಕ್ಕದಲ್ಲೇ ಇದ್ದೆ. ತಡೆಯಬೇಕಿತ್ತಾ? ತಡೆಯಲಿಲ್ಲ. ಅವಳು ಇನ್ನೊಂದು ಗಳಿಗೆ ತಡ ಮಾಡಿದ್ದರೆ ನಾನೇ ಅದಕ್ಕಿಂತ ಕೆಟ್ಟದ್ದೇನಾದರೂ ಅನ್ನುತ್ತಿದ್ದೆ. (ನನ್ನ ಬಾಯಿಯ ಪರಿಚಯ ಈ ಅಂಕಣ ಓದುವವರಿಗೆ ಇದ್ದೇ ಇದೆ. ನಮ್ಮ ಯಜಮಾನರಿಗೆ ಇನ್ನೂ ಚೆನ್ನಾಗಿದೆ.) ಪೂರ್ತಿ ಕೇಳಿ, ಆಮೇಲೆ ತಪ್ಪು ಯಾರದು ಅಂತ ನೀವೇ ಹೇಳಿ.

ಅಕ್ಕ ಅಂದರೆ ನಮ್ಮ ದೊಡ್ಡಮ್ಮನ ಮಗಳು ರತ್ನಕ್ಕ. ನಾನಿರುವುದು ಹುಣಸೂರಿನಲ್ಲಿ. ಅವಳನ್ನು ಕೊಟ್ಟಿರುವುದು ಹೆಗ್ಗಡದೇವನಕೋಟೆ ತಾಲ್ಲೂಕಿಗೆ, ಹ್ಯಾಂಡ್‌ಪೋಸ್ಟ್ ಅನ್ನುವ ಕೂಡುರಸ್ತೆಯಿಂದ ಒಳಗೆ ಹೋದರೆ ಸಿಗುವ ಕಾಡಂಚಿನ ಊರಿಗೆ. ಹೊಗೆಸೊಪ್ಪು, ಹತ್ತಿ, ಶುಂಠಿ ಬೆಳೆಯುವ ಮನೆ. ದೇವರು ಚೆನ್ನಾಗಿಟ್ಟಿದ್ದಾನೆ. ಹೊಗೆಸೊಪ್ಪಿಗೆ ಒಳ್ಳೆ ರೇಟು ಸಿಕ್ಕಿದ ಕಾಲದಲ್ಲಿ ಭಾವ ಮೈಸೂರಿನಲ್ಲಿ ರತ್ನಕ್ಕನ ಹೆಸರಿಗೆ ಒಂದು ಮನೆ ತೆಗೆದುಕೊಂಡಿದ್ದರು. ಆ ವಿಶ್ವವಿದ್ಯಾಲಯದ ಗೇಟಿನಿಂದ ನಡೆದೇ ಹೋಗಬಹುದಾದ ಮನೆ. ಇಬ್ಬರು ಗಂಡುಮಕ್ಕಳು ಓದಿದ್ದು ಅಲ್ಲೇ. ಈಗ ಇಬ್ಬರೂ ಊರಿಗೆ ಬಂದು ಶುಂಠಿ ವ್ಯಾಪಾರದಲ್ಲಿ ಮುಳುಗಿದ್ದಾರೆ, ಆ ಮನೆಗೆ ಬೀಗ ಬಿದ್ದಿದೆ.

ಆ ಮನೆಯನ್ನು ವಿಶ್ವವಿದ್ಯಾಲಯಕ್ಕೆ ದಾನ ಕೊಡುತ್ತೇನೆ ಅಂತ ರತ್ನಕ್ಕ ಹಟ ಹಿಡಿದಳು. ಉಯಿಲು ಗಿಯಿಲು ಬೇಡ, ಈಗಲೇ ಕೊಡಬೇಕು. "ಸತ್ತ್‌ಮೇಲೆ ಕೊಟ್ರೆ ನೋಡಾಕೆ ನಾನೆಲ್ಲಿರ್ತೀನಿ? ಕಣ್ಣು ಕಾಣಾಗ್ಲೇ ನೋಡ್ಬುಡ್ಬೇಕು ಕಣೆ" ಅನ್ನುವುದು ಅವಳ ವಾದ. ಭಾವ ಒಪ್ಪಿದರು. ಮಕ್ಕಳೂ ಒಪ್ಪಿದರು. (ಈ ಕಾಲದಲ್ಲಿ ಇದೇ ಒಂದು ದೊಡ್ಡ ಸುದ್ದಿ ಅಲ್ಲವೇ?)

ಕಾರಣ ಅವರ ಬೀದಿಯ ಹುಡುಗಿ ಚಂದನಾ. ಎಂ.ಎಸ್ಸಿ. ಕೆಮಿಸ್ಟ್ರಿ ಓದುತ್ತಿದ್ದಾಳೆ. ದಿನಾ ಮೈಸೂರಿಗೆ ಹೋಗಿ ಬರುತ್ತಾಳೆ. ಪ್ರಾಕ್ಟಿಕಲ್ ಇರುವ ದಿನ ಲ್ಯಾಬ್ ಬಿಡುವ ಹೊತ್ತಿಗೆ ಸಂಜೆ. ಬಸ್ಸು ಹಿಡಿದು ಹ್ಯಾಂಡ್‌ಪೋಸ್ಟಿನಲ್ಲಿ ಇಳಿಯುವ ಹೊತ್ತಿಗೆ ಊರ ಕಡೆಯ ಕೊನೆ ಬಸ್ಸು ಹೊರಟುಹೋಗಿರುತ್ತದೆ. ಅಪ್ಪ ಬೈಕು ತರಬೇಕು. ದಾರಿಯಲ್ಲಿ ಆನೆ. ಮಾತಿಗೆ ಹೇಳುತ್ತಿಲ್ಲ, ನಿಜವಾದ ಆನೆ. ಒಂದು ಸಂಜೆ ರಸ್ತೆಗೆ ಅಡ್ಡ ನಿಂತಿದ್ದ ಆನೆ ನೋಡಿ ಅಪ್ಪ ಮಗಳು ಬೈಕು ಅಲ್ಲೇ ಬಿಟ್ಟು ಓಡಿ, ಯಾರದೋ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನೊಳಗೆ ಸೇರಿಕೊಂಡಿದ್ದರಂತೆ.

ಮಾರನೆಯ ದಿನ ಅಪ್ಪ ಹೇಳಿದ್ದು ಒಂದೇ ಮಾತು. "ಸಾಕು ಬುಡವ್ವ ಓದಿದ್ದು. ಜೀವ ಇದ್ರೆ ರಾಗಿ ಬೆಳ್ಕೊಂಡು ತಿನ್ನಾನ."

ಆ ಅಪ್ಪನನ್ನು ಬೈಯುತ್ತೀರಾ? ನನಗಂತೂ ಬಾಯಿ ಬರಲಿಲ್ಲ. ರತ್ನಕ್ಕ ಹೋಗಿ ಕಾಡಿ ಬೇಡಿ, ಈ ಸೆಮಿಸ್ಟರ್ ಮುಗಿಯುವ ತನಕ ಬಿಡಿಸಬೇಡ ಅಂತ ಒಪ್ಪಿಸಿ ಬಂದಳು. ಮುಂದಿನದಕ್ಕೆ ಏನಾದರೂ ದಾರಿ ಮಾಡುತ್ತೇನೆ ಅಂತ ಮಾತು ಕೊಟ್ಟಳು.

ಹಾಸ್ಟೆಲ್ ಇಲ್ಲವಾ ಅನ್ನುತ್ತೀರಿ. ಇದೆ. ಸೀಟು ಇಲ್ಲ. ಪಿ.ಜಿ.? ವಾರದಲ್ಲಿ ಮೂರು ರಾತ್ರಿಗಾಗಿ ತಿಂಗಳ ಬಾಡಿಗೆ ಯಾರಪ್ಪ ಕಟ್ಟುತ್ತಾನೆ? ರತ್ನಕ್ಕನ ಖಾಲಿ ಮನೆಯಲ್ಲೇ ಅವಳನ್ನು ಇರಿಸಬಹುದಿತ್ತಲ್ಲ ಅಂತ ನಾನೂ ಕೇಳಿದೆ. "ಒಂಟಿ ಹೆಣ್ಮಗ ಒಂಟಿ ಮನೇಲಾ? ಅವ್ಳಪ್ಪ ಬುಟ್ಟಾನಾ? ಅದೂ ಅಲ್ದೆ ಇವ್ಳೊಬ್ಳೇ ಏನೆ? ಪಿರಿಯಾಪಟ್ಣದ ಕಡೆಯೋರು, ಕೆ.ಆರ್. ನಗರದ ಕಡೆಯೋರು, ನಿಮ್ಮ ಹುಣ್ಸೂರಿನ ಅಳ್ಳಿ ಉಡ್ಗೀರು, ಎಲ್ರದೂ ಇದೇ ಪಾಡು. ವಾರ್ಡನ್ ಇರ್ಬೇಕು, ವಾಚ್‌ಮನ್ ಇರ್ಬೇಕು. ನಾನು ಎಷ್ಟ್ ದಿನ ಕಾಯ್ಲಿ? ಯೂನಿವರ್ಸಿಟಿ ಆದ್ರೆ ನಾಳೀಕೂ ಇರ್ತದೆ" ಅಂದಳು. ತಪ್ಪೇನಿದೆ ಹೇಳಿ?

ಸುದ್ದಿ ಮುಟ್ಟಿದ್ದೇ ತಡ, ವಿಶ್ವವಿದ್ಯಾಲಯದವರು ಕಾರು ಮಾಡಿಕೊಂಡು ಅವಳ ಊರಿಗೇ ಬಂದರು. ಶಾಲು, ಹಾರ, ಹಣ್ಣಿನ ಬುಟ್ಟಿ. ರತ್ನಕ್ಕ ಬಿಟ್ಟಾಳೆಯೇ? ಮುದ್ದೆ, ನಾಟಿಕೋಳಿ ಸಾರು. ಊಟ ಆದಮೇಲೆ ಊರಿನ ನಾಲ್ಕು ಜನ ಹಿರಿಯರನ್ನು ಕೂರಿಸಿ, ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು, "ಲ್ಯಾಬಿನ ದಿನ ಊರು ಮುಟ್ಟಾಕಾಗ್ದಿರೋ ಹೆಣ್‌ಮಕ್ಳು ಉಳ್ಕೊಳ್ಳಾಕೆ ಈ ಮನೆ ಕೊಡ್ತಾವ್ನಿ, ಒಪ್ಗೆನಾ?" ಅಂತ ಕೇಳಿದಳು. ಬಂದವರಲ್ಲಿದ್ದ ಅದೇ ಟೈ ಅಧಿಕಾರಿ "ಖಂಡಿತ ಅಮ್ಮಾ, ಆಗಲಿ" ಅಂತ ಎಲೆ ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು.

ಮುಗೀತು! ನಮ್ಮ ಕಡೆ ಎಲೆ ಹಿಡಿದು ಆಡಿದ ಮಾತು ಅಂದರೆ ಮಾತು. ಹೆಣ್ಣು ಗಂಡಿನ ಸಂಬಂಧ ನಿಲ್ಲುವುದು ಹಾಗೆ. ಅಣ್ಣತಮ್ಮಂದಿರ ಪಾಲು ಮುಗಿಯುವುದು ಹಾಗೆ. ಎಲೆ ತೆಗೆದುಕೊಂಡವನು ಆಮೇಲೆ ಮಾತು ತಿರುಗಿಸಿದರೆ ಅವನ ಮನೆಗೆ ಯಾರೂ ಹೆಣ್ಣು ಕೊಡುವುದಿಲ್ಲ. ರತ್ನಕ್ಕನ ಲೆಕ್ಕದಲ್ಲಿ ವ್ಯವಹಾರ ಅಲ್ಲಿಗೆ ಇತ್ಯರ್ಥವಾಗಿತ್ತು.

"ಬರೆಸಿಕೊಂಡೆಯಾ?" ಅಂತ ಫೋನಿನಲ್ಲಿ ಕೇಳಿದ್ದಕ್ಕೆ ನನಗೇ ಬೈದಳು. "ಎಲೆ ಈಸ್ಕೊಂಡ್‌ಮೇಲೆ ಬರ್ಸೋದೇನೆ? ದೊಡ್‌ಮನ್ಸರ ಮೇಲೆ ಅನ್ಮಾನ ಬಿದ್ದಂಗಾಗಲ್ವಾ?"

ಹದಿನೈದು ದಿನಕ್ಕೆ ದಾನಪತ್ರದ ಕರಡು ಬಂತು. ಅವಳ ದೊಡ್ಡ ಮಗ ಅದರ ಫೋಟೋ ತೆಗೆದು ನನಗೆ ವಾಟ್ಸಾಪ್ ಮಾಡಿದ. ಓದಿದೆ. ಚೆಕ್ಕುಬಂದಿ ಇದೆ. ಕಿಟಕಿ ಬಾಗಿಲಿನ ಲೆಕ್ಕ ಇದೆ. ನೀರಿನ ಸಂಪು ಇದೆ. ಉದ್ದೇಶದ ಜಾಗದಲ್ಲಿ ಏನಿದೆ? "ವಿಶ್ವವಿದ್ಯಾಲಯದ ಸಮಗ್ರ ಶೈಕ್ಷಣಿಕ ಅಭಿವೃದ್ಧಿಗಾಗಿ." ಅಷ್ಟೇ. ಹೆಣ್ಣುಮಕ್ಕಳು ಇಲ್ಲ. ಲ್ಯಾಬ್ ಇಲ್ಲ. ರಾತ್ರಿ ಉಳಿಯುವ ಮಾತೇ ಇಲ್ಲ. ನನಗೆ ಮೈ ಉರಿದುಹೋಯಿತು.

"ಹುಡುಗೀರು ಎಲ್ಲಕ್ಕ ಇದರಲ್ಲಿ?" ಅಂದೆ.

"ಅದ್ರೊಳ್ಗೇ ಇರ್ಬೇಕು ನೋಡು. ಸಮಗ್ರ ಅಂದ್ರೆ ಎಲ್ರೂ ಬಂದ್ರಲ್ವಾ?"

ಎಲ್ಲರೂ ಬಂದರು ಅಂದರೆ ಯಾರೂ ಬರಲಿಲ್ಲ ಅಂತಲೇ ಅರ್ಥ. ಕೆ.ಆರ್. ನಗರದ ಕಡೆ ನಮ್ಮ ಸೋದರಮಾವ ಒಬ್ಬರು ಊರ ಮಕ್ಕಳು ಕೂತು ಓದಲಿ ಅಂತ ರಸ್ತೆ ಬದಿಯ ಜಾಗ ಕೊಟ್ಟರು. ಪತ್ರದಲ್ಲಿ "ಸಾರ್ವಜನಿಕ ಉಪಯೋಗಕ್ಕಾಗಿ" ಅಂತ ಬರೆದರು. ಈಗ ಅಲ್ಲಿ ಸಾರ್ವಜನಿಕರು ಇಸ್ಪೀಟು ಆಡುತ್ತಾರೆ. ಕೇಳಿದರೆ, "ನಾವೂ ಸಾರ್ವಜನಿಕ್ರೇ ಅಲ್ವಾ ಗೌಡ್ರೇ?" ಅಂತಾರೆ. ಮಾವ ಈಗ ಆ ರಸ್ತೆಯಲ್ಲೇ ಓಡಾಡುವುದಿಲ್ಲ.

ರತ್ನಕ್ಕ ಆಗಲೂ ನಂಬಲಿಲ್ಲ. ಅವಳನ್ನು ನಂಬಿಸಿದ್ದು ಅವರದೇ ಎಂಜಿನಿಯರು. ಮನೆ ಅಳತೆಗೆ ಬಂದವರು ಟೇಪು ಸುತ್ತಿಕೊಳ್ಳುತ್ತಾ, ಬೀಗ ತೆಗೆದುಕೊಟ್ಟ ಅವಳ ಮಗನ ಎದುರಿಗೇ, "ಎ.ಸಿ. ಹಾಕಿಸಿಬಿಟ್ಟರೆ ಫಸ್ಟ್ ಕ್ಲಾಸ್ ಗೆಸ್ಟ್ ಹೌಸ್ ಆಗುತ್ತೆ" ಅಂದರಂತೆ. ಮಗ ಮನೆಗೆ ಬಂದು ಹೇಳಿದ. ಮಾರನೆಯ ಬೆಳಗ್ಗೆ ರತ್ನಕ್ಕ ಹುಣಸೂರಿನ ನಮ್ಮ ಮನೆ ಬಾಗಿಲಲ್ಲಿದ್ದಳು. "ನಡಿಯೆ ಮೈಸೂರ್‌ಗೆ" ಅಂದಳು. ಕಾಫಿಯನ್ನೂ ಕುಡಿಯಲಿಲ್ಲ.

ಅಧಿಕಾರಿ ಬಹಳ ಮರ್ಯಾದಸ್ಥರು. ಎದ್ದು ನಿಂತು ಕೈ ಮುಗಿದರು. ಬಾದಾಮಿ ಹಾಲು ತರಿಸಿದರು. ನಾನು ಕರಡು ತೆಗೆದು ಉದ್ದೇಶದ ಸಾಲಿನ ಮೇಲೆ ಬೆರಳಿಟ್ಟೆ.

"ಉದ್ದೇಶ ವಿಶಾಲವಾಗಿರಲಿ ಮೇಡಂ. ಅಮ್ಮನವರ ಹೃದಯವೂ ಅಷ್ಟು ವಿಶಾಲ" ಅಂದರು.

"ಹೃದಯ ವಿಶಾಲವಾಗಿಯೇ ಇರಲಿ ಸರ್, ವಾಕ್ಯ ಸ್ವಲ್ಪ ಇಕ್ಕಟ್ಟಾಗಿರಲಿ" ಅಂದೆ.

ಅವರು ನಕ್ಕರು. ನಾನು ನಗಲಿಲ್ಲ. ಆಗ ಅವರು ಇನ್ನೊಂದು ಆಸೆ ತೋರಿಸಿದರು. ಬೇಕಾದರೆ ಭಾವನವರ ಹೆಸರಿನಲ್ಲಿ ಪ್ರತಿ ವರ್ಷ ಕೆಮಿಸ್ಟ್ರಿಗೆ ಒಂದು ಚಿನ್ನದ ಪದಕ ಇಡಬಹುದಂತೆ. ಘಟಿಕೋತ್ಸವದಲ್ಲಿ ಹೆಸರು ಓದುತ್ತಾರಂತೆ. ದಾನಿಗಳಿಗೆ ಸಾಮಾನ್ಯವಾಗಿ ಅದೇ ಇಷ್ಟವಂತೆ.

(ಇದು ಸುಳ್ಳಲ್ಲ ಬಿಡಿ. ದುಡ್ಡು ಕೊಡುವವರಿಗೂ ಪದಕದ ಮೇಲೇ ಕಣ್ಣು. ಓದಿ ಗೆದ್ದವರ ಕೊರಳಿಗೆ ಅಪ್ಪನ ಹೆಸರು ತೂಗುಹಾಕುವ ಖುಷಿ ಬಚ್ಚಲುಮನೆ ಕಟ್ಟಿಸಿದರೆ ಸಿಗುತ್ತದೆಯೇ? ಓದೋಕೇ ಆಗದೆ ಮನೆಗೆ ಹೋದವರಿಗೆ ಯಾವ ಪದಕ?)

ರತ್ನಕ್ಕ ಹಾಲಿನ ಲೋಟ ಕೆಳಗಿಟ್ಟಳು. "ಪದಕ ಕತ್ತಿಗಾಕ್ಕೊಂಡು ನಮ್ ಉಡ್ಗಿ ಹ್ಯಾಂಡ್‌ಪೋಸ್ಟಲ್ಲಿ ನಿಂತ್ಕಬೇಕಾ? ಆನೆಗೆ ತೋರ್ಸಾಕಾ? ಅವತ್ತು ಎಲಡ್ಕೆ ಈಸ್ಕೊಂಡು ಏನಂದ್ರಿ ನೀವು?"

ಅವರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಅದು ನಿಮ್ಮ ಆತಿಥ್ಯ ಅಲ್ವಾ ಅಮ್ಮಾ? ಊಟ ಆದಮೇಲೆ ಕೊಟ್ಟಿರಿ, ಹಾಕ್ಕೊಂಡೆ" ಅಂದರು.

ಆಗಲೇ ಅವಳು ಉಗೀರಿ ಅಂದದ್ದು.

ಪಾಪ, ಅವರ ಮುಖ ಕಪ್ಪಿಟ್ಟಿತು. ಆದರೂ ಒಂದು ನ್ಯಾಯವಾದ ಮಾತನ್ನೇ ಎತ್ತಿದರು. ನಾಳೆ ಹ್ಯಾಂಡ್‌ಪೋಸ್ಟಿನಿಂದ ಮಧ್ಯರಾತ್ರಿಯವರೆಗೂ ಬಸ್ಸು ಬಂದುಬಿಟ್ಟರೆ? ಹುಡುಗಿಯರಿಗೆ ಆ ಮನೆಯೇ ಬೇಡವಾದರೆ? ಮನೆ ಹಾಳು ಬೀಳಬೇಕೇ? ಒಪ್ಪಿದೆ. ಕಾಲ ಬದಲಾಗುತ್ತದೆ. ಅದಕ್ಕೂ ದಾರಿ ಇಲ್ಲವೇ?

ಕರಡಿನ ಬೆನ್ನ ಮೇಲೆ ನಾನೇ ಬರೆದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳಿಂದ ಬರುವ ವಿದ್ಯಾರ್ಥಿನಿಯರು ಪ್ರಾಕ್ಟಿಕಲ್, ಪರೀಕ್ಷೆ ಇರುವ ದಿನ ರಾತ್ರಿ ತಂಗುವುದಕ್ಕೆ ಈ ಮನೆ. ಅದರ ಅಗತ್ಯ ಇಲ್ಲವೆಂದು ಮುಂದೆ ಖಚಿತವಾದರೆ, ಬಾಡಿಗೆಗೆ ಕೊಟ್ಟು ಬಂದದ್ದನ್ನು ಅದೇ ತಾಲ್ಲೂಕುಗಳ ಹೆಣ್ಣುಮಕ್ಕಳ ಹಾಸ್ಟೆಲ್ ಶುಲ್ಕಕ್ಕೆ ಕೊಡತಕ್ಕದ್ದು. ಅತಿಥಿಗೃಹ, ಕಚೇರಿ, ಗೋದಾಮು ಇತ್ಯಾದಿಗೆ ಬಳಸತಕ್ಕದ್ದಲ್ಲ. ರತ್ನಕ್ಕನಿಗೆ ಓದಿ ಹೇಳಿದೆ. "ಊಂ, ಇದೇ ಕಣೆ ನಾನಂದಿದ್ದು" ಅಂದಳು.

ಅಧಿಕಾರಿ ಅದನ್ನು ಎರಡೆರಡು ಸಲ ಓದಿದರು. ಕನ್ನಡಕ ತೆಗೆದರು. ಆಮೇಲೆ ಅವರ ಬಾಯಿಂದ ಸತ್ಯ ಹೊರಬಿತ್ತು.

"ಹೀಗೆ ಬರೆದರೆ ನಾವು ಇದನ್ನೇ ಮಾಡಬೇಕಾಗುತ್ತಲ್ಲ ಮೇಡಂ!"

ಹೌದು ಸ್ವಾಮಿ! ಅದಕ್ಕೇ ಬರೆಯುವುದು! ಮತ್ತೆ ಇನ್ಯಾಕೆ ಬರೆಯುತ್ತಾರೆ? ಕೊಡುವವಳು ಎದುರಿಗೆ ಜೀವಂತ ಕೂತಿರುವಾಗಲೇ ಅವಳ ಮಾತು ಇವರಿಗೆ ಭಾರವಾಗುತ್ತದೆ. ಅವಳಿಲ್ಲದ ಮೇಲೆ ಕೇಳಬೇಕೇ? ಅಂಗಡಿಯಲ್ಲಿ ಅರ್ಧ ಕೆ.ಜಿ. ತೊಗರಿಬೇಳೆ ಕೇಳಿದರೆ "ಸಮಗ್ರ ದಿನಸಿ ಅಭಿವೃದ್ಧಿಗೆ" ಅಂತ ದುಡ್ಡು ತೆಗೆದುಕೊಂಡು ಸುಮ್ಮನಾಗುತ್ತಾರೆಯೇ? ದಾನ ಅಂದ ತಕ್ಷಣ ಕೊಟ್ಟವರು ಬಾಯಿ ಮುಚ್ಚಿಕೊಂಡಿರಬೇಕು ಅನ್ನುವ ನಿಯಮ ಯಾರು ಮಾಡಿದ್ದು? ಕೇಳಿದರೆ ಸಣ್ಣತನ, ಷರತ್ತು ಹಾಕಿದರೆ ಜಿಪುಣತನ. ನಿಮ್ಮ ನಿಮ್ಮ ಊರಿನಲ್ಲಿ ಶಾಲೆಗೋ ಆಸ್ಪತ್ರೆಗೋ ಏನಾದರೂ ಕೊಡುವ ಯೋಚನೆ ಇರುವವರು ದಯವಿಟ್ಟು ಸಣ್ಣತನ ಮಾಡಿ. ಯಾರಿಗೆ, ಯಾತಕ್ಕೆ, ಅದು ಆಗದಿದ್ದರೆ ಮುಂದೇನು ಅಂತ ಬರೆಸದೆ ಸಹಿ ಹಾಕಬೇಡಿ.

ರತ್ನಕ್ಕ ಸಹಿ ಹಾಕಲಿಲ್ಲ. ಬರುವಾಗ ಕಾರಿನಲ್ಲಿ, ಹುಣಸೂರು ಹತ್ತಿರ ಬಂದಾಗ, "ಅವ್ಳಪ್ಪಂಗೆ ಏನೇಳ್ಲೆ ನಾನು? ಮಾತ್ ಕೊಟ್ಬುಟ್ಟಿವ್ನಲ್ಲೆ" ಅಂತ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಬೈಯುವ ರತ್ನಕ್ಕನನ್ನು ನೋಡಿದ್ದೇನೆ, ಅಳುವ ರತ್ನಕ್ಕನನ್ನು ನೋಡಿರಲಿಲ್ಲ. ನನ್ನ ಸಿಟ್ಟು ಆ ದಿನಕ್ಕೆ ಇಳಿಯದೆ ಇವತ್ತಿನವರೆಗೂ ಹಾಗೇ ಉಳಿದಿರುವುದಕ್ಕೆ ಅದೇ ಕಾರಣ.

ಮೊನ್ನೆ ಅಧಿಕಾರಿ ನನಗೆ ಫೋನ್ ಮಾಡಿದ್ದರು. ನಾವು ಬರೆದದ್ದನ್ನು ಕಮಿಟಿ ಮುಂದೆ ಇಡಬೇಕಂತೆ. ಕಮಿಟಿ ಯಾವಾಗ ಸೇರುತ್ತದೋ ಹೇಳಲಾಗದಂತೆ. ಅಷ್ಟರೊಳಗೆ ಹಳೆಯ ಕರಡಿಗೇ ಅಮ್ಮನವರು ಸಹಿ ಮಾಡಲಿ, ತಿದ್ದುಪಡಿ ಆಮೇಲೆ ನೋಡೋಣ ಅಂದರು. ಚಂದನಾಳ ಸೆಮಿಸ್ಟರ್ ಪರೀಕ್ಷೆ ಆಗಲೇ ಶುರುವಾಗಿದೆ, ಅದು ಮುಗಿದರೆ ಅವಳಪ್ಪ ಕಳಿಸುವುದಿಲ್ಲ ಅಂದೆ. "ಅದು ಸರಿ ಮೇಡಂ, ಆದರೆ ಇಂಥ ಒಳ್ಳೆ ಪ್ರಾಪರ್ಟಿ ವಿಶ್ವವಿದ್ಯಾಲಯದ ಕೈತಪ್ಪಿ ಹೋಗಬಾರದು ನೋಡಿ" ಅಂದರು.

ಹುಡುಗಿ ಕೈತಪ್ಪಿ ಹೋದರೆ ಪರವಾಗಿಲ್ಲವಾ ಸಾರ್?