ಮೂರನೇ ಪಿನ್ನು

ನಮ್ಮ ಅವ್ವ ಕರೆಂಟಿನ ಸ್ವಿಚ್ಚನ್ನು ಬೆರಳಿನಿಂದ ಒತ್ತುತ್ತಿರಲಿಲ್ಲ, ಲಟ್ಟಣಿಗೆಯಿಂದ ಒತ್ತುತ್ತಿದ್ದಳು. ದಿನಾ ಕೈಯಲ್ಲಿ ರೊಟ್ಟಿ ಬಡಿಯುವ ನಮ್ಮ ಮನೆಯಲ್ಲಿ ಲಟ್ಟಣಿಗೆಗೆ ಅದೇ ದೊಡ್ಡ ಕೆಲಸ. ಸವದತ್ತಿಯ ನಮ್ಮ ಓಣಿಯವರು ನೋಡಿ ನಗುತ್ತಿದ್ದರು. "ನಗ್ರಿ, ನಗ್ರಿ. ನಿಮ್ಮ ಮನ್ಯಾಗ ಯಾರೂ ಹೋಗಿಲ್ಲಲ್ಲ" ಎನ್ನುತ್ತಿದ್ದಳು. ಹೋದವನು ಅವಳ ತಮ್ಮ, ನನ್ನ ಸೋದರಮಾವ. ನವಿಲುತೀರ್ಥದ ಕಡೆ ಅವಳ ತವರಿನ ಹೊಲದಲ್ಲಿ ಪಂಪ್‌ಸೆಟ್ ಚಾಲೂ ಮಾಡಲು ಹೋಗಿ, ಸ್ಟಾರ್ಟರಿನ ಕಬ್ಬಿಣದ ಡಬ್ಬಿ ಹಿಡಿದವನು ಮತ್ತೆ ಕೈ ಬಿಡಲೇ ಇಲ್ಲ. ನಾನಾಗ ತೀರಾ ಸಣ್ಣವಳು.

ಅಂಥ ಮನೆಯಲ್ಲಿ ನನಗೆ ಗೇಮ್ ಆಡುವ ಕಂಪ್ಯೂಟರ್ ಬೇಕಾಗಿತ್ತು!

ಪಿಯುಸಿ ಸೇರಿದ ವರ್ಷ, ಧಾರವಾಡದ ಚಿಕ್ಕಪ್ಪನ ಮನೆಯಲ್ಲಿ ಒಂದು ಮಧ್ಯಾಹ್ನ ಕಾರ್ ರೇಸ್ ಆಡಿ ಬಂದಿದ್ದೆ. ಆವತ್ತಿನಿಂದ ತಲೆ ನೆಟ್ಟಗಿರಲಿಲ್ಲ. ಊಟಕ್ಕೆ ಕುಳಿತರೆ ತಾಟನ್ನೇ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸುತ್ತಿದ್ದೆ. ಆದರೆ ಕಂಪ್ಯೂಟರಿನ ಬಗ್ಗೆ ನನಗೆ ಗೊತ್ತಿದ್ದದ್ದು ಸೊನ್ನೆ. ಟಿವಿಯಂಥ ಡಬ್ಬಿಯೇ ಕಂಪ್ಯೂಟರ್, ಅದು ದೊಡ್ಡದಿದ್ದಷ್ಟೂ ಕಾರು ಜೋರಾಗಿ ಓಡುತ್ತದೆ ಎಂದು ನಂಬಿದ್ದೆ. ಪಕ್ಕದ ಕಬ್ಬಿಣದ ಪೆಟ್ಟಿಗೆ ಸ್ಟೆಬಿಲೈಜರ್ ಇರಬೇಕು ಅಂದುಕೊಂಡಿದ್ದೆ.

ಬೀಜ, ಗೊಬ್ಬರದ ಅಂಗಡಿ ನಡೆಸುತ್ತಿದ್ದ ಅಪ್ಪ ಬಂದ ಗಿರಾಕಿಗಳನ್ನೆಲ್ಲ ಕೇಳಿ ದಾರಿ ಹುಡುಕಿದ. ಬೆಳಗಾವಿಗೆ ಹೋಗಿ ಕಂಪನಿಯದ್ದನ್ನೇ ತರಬಹುದಿತ್ತು. ಬೈಲಹೊಂಗಲದಲ್ಲಿ ಬಿಡಿ ಸಾಮಾನು ಕೂಡಿಸಿ ಮಾಡಿಕೊಡುವವನೊಬ್ಬನಿದ್ದ. ಯರಗಟ್ಟಿಯಲ್ಲಿ ಟೈಪಿಂಗ್ ಕ್ಲಾಸಿನವನೊಬ್ಬ ತನ್ನ ಹಳೆಯದನ್ನು ಮಾರಲು ಕೂತಿದ್ದ. "ಸೈಕಲ್ ಕಲಿಯೂದು ಹಳೇದರ ಮ್ಯಾಲ ಚೊಲೊ" ಎಂದು ಅಪ್ಪ ಯರಗಟ್ಟಿಗೇ ಹೊರಟ. ನಾನೂ ಹೊರಟೆ. "ನಾನೂ ಬರತೇನಿ" ಎಂದು ಅವ್ವನೂ ಸೆರಗು ಹೊದ್ದಳು. ಅವಳು ಬಾರದಿದ್ದರೆ ಆ ಹಳೆಯದೇ ನಮ್ಮ ಮನೆಗೆ ಬರುತ್ತಿತ್ತು.

ಕ್ಲಾಸಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದೆವು. ಆಗಷ್ಟೇ ಒರೆಸಿದ ನೆಲ ಹಸಿಯಾಗಿತ್ತು. ನಾನು ಆಸೆಯಿಂದ ಟಿವಿಯತ್ತ ಬಾಗುತ್ತಾ ಪಕ್ಕದ ಕಬ್ಬಿಣದ ಪೆಟ್ಟಿಗೆಯ ಮೇಲೆ ಕೈಯೂರಿದೆ. ಜುಮ್ಮೆಂದಿತು. "ಯವ್ವಾ!" ಎಂದು ಚೀರಿ ಹಿಂದೆ ಜಿಗಿದೆ.

ಕ್ಲಾಸಿನವನು ನಕ್ಕ. "ಏನೂ ಆಗೂದಿಲ್ಲ ತಂಗಿ. ಎಲ್ಲಾ ಕಂಪ್ಯೂಟರೂ ಇಷ್ಟು ಜುಮ್ ಅಂತಾವ. ಚಪ್ಪಲ್ ಹಾಕ್ಕೊಂಡು ಕುಂದ್ರು, ಮುಗೀತು." ಆಮೇಲೆ ತನ್ನ ಜಾಣತನ ತೋರಿಸಲು ವೈರ್ ಎಳೆದು ಪ್ಲಗ್ ತೋರಿಸಿದ. ಮೂರು ಪಿನ್ನುಗಳಲ್ಲಿ ಮೇಲಿನ ದಪ್ಪ ಪಿನ್ನನ್ನು ಕತ್ತರಿಸಿದ್ದ. ಗೋಡೆಯಲ್ಲಿ ಎರಡೇ ತೂತಿನ ಸಾಕೆಟ್ ಇತ್ತಲ್ಲ, ಅದಕ್ಕೆ. ಸುತ್ತಲಿನ ಊರುಗಳಲ್ಲಿ ಆಗ ಎಲ್ಲರೂ ಮಾಡುತ್ತಿದ್ದದ್ದು ಅದನ್ನೇ.

ಅವ್ವ ನನ್ನ ಮಣಿಕಟ್ಟು ಹಿಡಿದವಳು ಬಸ್ಸು ಹತ್ತುವವರೆಗೂ ಬಿಡಲಿಲ್ಲ. ಬಸ್ಸಿನಲ್ಲಿ ಕುಳಿತ ಮೇಲೆ ನನ್ನ ಬೆರಳುಗಳನ್ನು ಒಂದೊಂದಾಗಿ ಮಡಚುವುದು, ಬಿಡಿಸುವುದು ಮಾಡುತ್ತಿದ್ದಳು. ನನಗೆ ನಾಚಿಕೆಯಾಗಿ ಕೈ ಕಿತ್ತುಕೊಂಡೆ.

ಮನೆಗೆ ಬಂದವಳೇ, "ಬ್ಯಾಡ ಅಂದ್ರ ಬ್ಯಾಡ" ಎಂದಳು.

ನನ್ನ ಬಾಯಿ ಆಗ ಮಹಾ ಕೆಟ್ಟದ್ದು. "ಸತ್ರ ನಾ ಸಾಯ್ತೇನಿ, ನಿನಗೇನು?" ಎಂದೆ. ಅಪ್ಪ "ಏ ಖೋಡಿ, ಬಾಯಿ ಮುಚ್ಚು" ಎಂದು ಗದರಿದ. ಅವ್ವ ಬೈಯಲಿಲ್ಲ, ಹೊಡೆಯಲಿಲ್ಲ. ಅಡುಗೆಮನೆಯ ಹೊಸ್ತಿಲ ಮೇಲೆ ಕುಸಿದು ಕುಳಿತಳು.

ನಿಜ ಹೇಳಬೇಕೆಂದರೆ ನಾನೇ ಹೆದರಿ ಹೋಗಿದ್ದೆ. ಆ ಜುಮ್ಮು ಬೆರಳ ತುದಿಯಲ್ಲೇ ಕುಳಿತಿತ್ತು. ಯಾರೂ ಇಲ್ಲದಾಗ ದೀಪ ಹಚ್ಚಲು ನಾನೂ ಲಟ್ಟಣಿಗೆಯನ್ನೇ ಹಿಡಿಯತೊಡಗಿದೆ. ಆದರೂ ಆಸೆ ಮಾತ್ರ ಹೋಗಲಿಲ್ಲ. ಅಂಜಿಕೆ ಒಂದು ಕಡೆ, ಆಸೆ ಒಂದು ಕಡೆ ಎಳೆದು ನಾನು ಊಟ ಬಿಟ್ಟೆ, ಮಾತು ಬಿಟ್ಟೆ.

ಒಂದು ಬೆಳಿಗ್ಗೆ ಅಪ್ಪನಿಗೆ ಚಹಾ ಕೊಡುತ್ತಾ ಅವ್ವ ತಟ್ಟನೆ ಕೇಳಿದಳು: "ಆ ಮೂರನೇ ಪಿನ್ನು ಯಾಕ ಇರತೈತ್ರಿ?"

ಅಪ್ಪನಿಗೆ ಗೊತ್ತಿರಲಿಲ್ಲ. "ಗೊತ್ತಿದ್ದವ್ರ ಕಡೆ ಕರ್ಕೊಂಡು ಹೋಗ್ರಿ ಹಂಗಾರ" ಎಂದಳು. ಹೀಗೆ ನಾವು ಬೈಲಹೊಂಗಲಕ್ಕೆ ಹೋದೆವು.

ಕಂಪ್ಯೂಟರ್ ಕೂಡಿಸುವವನು ಮೊದಲು ನನ್ನ ಭ್ರಮೆ ಬಿಡಿಸಿದ. "ಟಿವಿ ದೊಡ್ಡದಾದ್ರ ಗೇಮ್ ಜೋರ್ ಓಡಂಗಿಲ್ಲ ತಂಗಿ. ಈ ಪೆಟಗೀನೇ ಕಂಪ್ಯೂಟರು. ಇದರಾಗ ಗ್ರಾಫಿಕ್ಸ್ ಕಾರ್ಡ್ ಬೇರೆ ಹಾಕಿಸ್ಬೇಕು."

"ಅದನ್ನೆಲ್ಲಾ ಆಕಿಗೆ ಹೇಳ್ರಿ. ನನಗ ಆ ಪಿನ್ನಿಂದು ಹೇಳ್ರಿ" ಎಂದಳು ಅವ್ವ.

ಅವನು ಹೇಳಿದ. ಅದು ಅರ್ಥಿಂಗ್ ಪಿನ್ನು. ಕಬ್ಬಿಣಕ್ಕೆ ಕರೆಂಟ್ ಇಳಿದರೆ ಅದು ಆ ಪಿನ್ನಿನಿಂದ ವೈರ್ ಹಿಡಿದು ನೆಲಕ್ಕೆ ಹೋಗಬೇಕು. ಅದಕ್ಕೆ ಹಿತ್ತಲಲ್ಲಿ ಕುಣಿ ತೋಡಿ ಉಪ್ಪು, ಇದ್ದಿಲು ತುಂಬಬೇಕು, ಕುಣಿ ಒಣಗದಂತೆ ನೀರು ಹಾಕುತ್ತಿರಬೇಕು.

"ಅಂದ್ರ ಮನಿಶಾನ ಬದ್ಲಿ ಮಣ್ಣಿಗೆ ಹೋಗತೈತಿ?"

"ಹೌದ್ರಿ ಅಕ್ಕಾರ."

"ನನ್ನ ತಮ್ಮನ ಮೋಟರಿಗೆ ಇದು ಇತ್ತೇನ್ರಿ?" ಎಂದು ಅವ್ವ ಅಪ್ಪನ ಕಡೆ ತಿರುಗಿದಳು.

ಅಪ್ಪ ಇಲ್ಲವೆಂದು ತಲೆಯಾಡಿಸಿದ. ಅವ್ವ, "ಮೊದಲ ಕುಣಿ. ಆಮ್ಯಾಲ ಕಂಪ್ಯೂಟರು" ಎಂದಳು. ತೀರ್ಮಾನ ಅಲ್ಲಿಗೆ ಮುಗಿಯಿತು. ಹೊಸದು, ಕೂಡಿಸಿದ್ದು, ಗ್ರಾಫಿಕ್ಸ್ ಕಾರ್ಡ್ ಇದ್ದದ್ದು.

ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕುಣಿ ತೋಡಿಸಿ, ಅಲ್ಲಿಂದ ಮೂರು ತೂತಿನ ಹೊಸ ಸಾಕೆಟ್ಟಿಗೆ ವೈರ್ ಎಳೆಸಿದೆವು. ಮಗ್ಗುಲ ಮನೆಯವರು "ಏನ್ ಹುಗಿಯಾಕ ಹತ್ತೀರಿ?" ಎಂದು ಇಣುಕಿದರು. ಕಂಪ್ಯೂಟರ್ ಬಂತು. ಅವ್ವ ದಿನಾ ಮುಂಜಾನೆ ತುಳಸಿಗೆ ನೀರು ಹಾಕಿ, ಹಾಗೇ ಕುಣಿಗೂ ಒಂದು ಕೊಡ ಹಾಕುತ್ತಿದ್ದಳು. ನಾನು ಆಡಲು ಕೂರುವ ಮುನ್ನ ತಪ್ಪದೆ ಬಂದು ಪೆಟ್ಟಿಗೆಯನ್ನೊಮ್ಮೆ ಮುಟ್ಟಿ ಹೋಗುತ್ತಿದ್ದಳು. ಅಪ್ಪ ಅಂಗಡಿಯ ತಕ್ಕಡಿ ಮುಟ್ಟಿ ನಮಸ್ಕಾರ ಮಾಡುವಂತೆ ಇದೂ ಒಂದು ಭಕ್ತಿ ಎಂದುಕೊಂಡೆ. "ಸಾಕ್ ಬಿಡವ್ವಾ, ಆರತಿನೂ ಬೆಳಗಿಬಿಡು" ಎಂದು ಕಾಡಿಸುತ್ತಿದ್ದೆ. ಅವಳು ನಗುತ್ತಿರಲಿಲ್ಲ.

ಬೇಸಿಗೆಯಲ್ಲಿ ಅವ್ವ ಮದುವೆಗೆಂದು ತವರಿಗೆ ಹೋದಳು. ಕುಣಿಯ ನೆನಪು ನಮಗ್ಯಾರಿಗೂ ಆಗಲಿಲ್ಲ. ಅವಳು ಮರಳಿ ಬಂದಾಗ ನಾನು ಪರೀಕ್ಷೆ ಮುಗಿಸಿ ಬಂದು, ಆಗಷ್ಟೇ ಗೋಡೆಯ ಸ್ವಿಚ್ ಹಾಕಿದ್ದೆ.

"ತಡಿ" ಎಂದು ಚೀಲ ಕೆಳಗಿಟ್ಟು ಬಂದಳು. ಪೆಟ್ಟಿಗೆ ಮುಟ್ಟಿದವಳು ಥಟ್ಟನೆ ಕೈ ಹಿಂದೆಗೆದಳು. ಬಳೆಗಳು ಘಲ್ಲೆಂದವು. ಹಿತ್ತಲಿಗೆ ಹೋಗಿ ಒಣಗಿದ ಕುಣಿಗೆ ಕೊಡದ ಮೇಲೆ ಕೊಡ ನೀರು ಸುರಿದಳು. ಬಂದು ಮತ್ತೆ ಕೈ ಚಾಚಿದಳು. ಅವಳು ಅಂಗೈ ಊರುತ್ತಿರಲಿಲ್ಲ, ಬೆರಳುಗಳ ಹಿಂಬದಿ ತಾಗಿಸುತ್ತಿದ್ದಳು ಎಂಬುದನ್ನು ನಾನು ಅಂದೇ ನೋಡಿದ್ದು.

"ಹಂಗ್ಯಾಕ ಮುಟ್ಟತಿ?" ಎಂದೆ.

"ಅಂಗೈಲೆ ಹಿಡದ್ರ ಕರೆಂಟು ಬೆರಳ ಮಡಚಿಬಿಡತೈತಿ. ಬಿಡಿಸ್ಕೊಳಾಕ ಬರಂಗಿಲ್ಲ. ನಿಮ್ಮ ಮಾವನ ಬೆರಳ ನಾವು ಆಮ್ಯಾಲ ಬಿಡಿಸಿದ್ವಿ."

"ನನಗ ಹೇಳಿದ್ರ ನಾನ ಮುಟ್ಟಿ ನೋಡತಿದ್ನಿ."

"ನೀ ಮುಟ್ಟಬಾರದಂತನ ನಾ ಮುಟ್ಟೂದು" ಎಂದಳು. ಬೆರಳುಗಳ ಹಿಂಬದಿಯನ್ನು ಪೆಟ್ಟಿಗೆಗೆ ತಾಗಿಸಿದಳು. ಈ ಸಲ ಏನೂ ಆಗಲಿಲ್ಲ. "ಹೂಂ, ಈಗ ಕುಂದ್ರು."

ನಾನು ಕುಳಿತೆ. ಆಟ ಶುರು ಮಾಡಲು ಕೈ ಬರಲಿಲ್ಲ. ಅವ್ವ ಪಡಸಾಲೆಗೆ ಹೋಗಿ, ಹಾಗೇ ಉರಿಯುತ್ತಿದ್ದ ದೀಪ ಆರಿಸಲು ಗೂಡಿನಿಂದ ಲಟ್ಟಣಿಗೆ ತೆಗೆದುಕೊಂಡಳು.